ಆಪಾ ತಂದುಕೊಟ್ಟ ಕುರ್ಚಿ

ಆಪಾ ಅವರ ಬಲ ಹುಬ್ಬು ಎರಡು ತುಂಡಾಗಿತ್ತು. ಚಿಕ್ಕಂದಿನಲ್ಲಿ ವಿಜಯಪುರದ ಮನೆಯ ಹೊಸ್ತಿಲಿಗೆ ಬಿದ್ದ ಗುರುತು. ಎಲ್ಲರೂ ಮಾಸ್ಕ್ ಹಾಕಿಕೊಂಡು ಕಚೇರಿಗೆ ಬರುತ್ತಿದ್ದ ಆ ವರ್ಷಗಳಲ್ಲಿ ಅವರ ಮುಖದಲ್ಲಿ ನಮಗೆ ಓದಲು ಸಿಗುತ್ತಿದ್ದದ್ದು ಆ ಹುಬ್ಬೊಂದೇ. ಹೊರಗಿನ ತುಂಡು ಮಾತ್ರ ಮೇಲೆದ್ದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ತಿಳಿದು ನಾವು ಖುಷಿಯಿಂದ ನೆಟ್ಟಗೆ ಕೂರುತ್ತಿದ್ದೆವು, ಗ್ರಹಚಾರ ನಮ್ಮದಲ್ಲದಿದ್ದರೆ.

ಯುರೋಪಿನ ಒಂದು ಲಿಫ್ಟ್ ಕಂಪನಿಗೆ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಬಿಡಿಭಾಗಗಳ ಕಚೇರಿಯಿತ್ತು. ಅಲ್ಲಿ ನಮ್ಮ ತಂಡಕ್ಕೆ ಅವರೇ ಹಿರಿಯರು. ಮಲಯ್ ಹುಡುಗಿಯರು ‘ಕಾಕ್’ ಅನ್ನುತ್ತಿದ್ದರು, ನಾವು ಮೂರ್ನಾಲ್ಕು ಕನ್ನಡದವರು ‘ಆಪಾ’. ಎರಡಕ್ಕೂ ಅಕ್ಕ ಎಂದೇ ಅರ್ಥ. ಮೈಸೂರಿನವನಾದ ನನ್ನ ಮೆತ್ತನೆಯ ಮಾತು ಕೇಳಿದರೆ, “ಬಾಯಾಗ ಬೆಣ್ಣಿ ಇಟ್ಕೊಂಡೀರೇನ್ರಿ? ನುಂಗಿ ಮಾತಾಡ್ರಿ” ಎಂದು ರೇಗಿಸುತ್ತಿದ್ದರು.

ಮೀಟಿಂಗಿನಲ್ಲಿ ಅವರದೊಂದು ಪದ್ಧತಿ. ಎಲ್ಲರಿಗಿಂತ ಹೊಸಬರು ಮೊದಲು ಮಾತಾಡಬೇಕು, ಆಪಾ ಎಲ್ಲರಿಗಿಂತ ಕೊನೆಗೆ. “ದೊಡ್ಡವ್ರು ಮೊದ್ಲ ಬಾಯಿ ಬಿಟ್ರ ಸಣ್ಣವ್ರು ಹೂಂ ಅಂತಾರ, ಅಷ್ಟ. ನಮ್ಮನ್ಯಾಗ ನಮ್ಮಪ್ಪ ಹಿಂಗ ಮಾಡ್ತಿದ್ರು,” ಅನ್ನುತ್ತಿದ್ದರು.

ಲಾಕ್‌ಡೌನ್ ನಡುವೆಯೇ ಕಂಪನಿ ತನ್ನ ಯುರೋಪಿನ ಶಾಖೆಗಳನ್ನೆಲ್ಲ ಕೂಡಿಸಿ ಒಂದೇ ‘ಯುರೋಪಿಯನ್ ಕಂಪನಿ’ ಆಗಲು ಹೊರಟಿತು. ಹಾಗಾಗುವ ಮೊದಲು ನೌಕರರ ಪ್ರತಿನಿಧಿಗಳ ಜೊತೆ ಕೂತು ಒಪ್ಪಂದದ ಮಾತುಕತೆ ನಡೆಸಬೇಕೆಂದು ಅಲ್ಲಿನ ಕಾನೂನು. ಯಾವ ನಿರ್ಧಾರವನ್ನು ನೌಕರರಿಗೆ ಮುಂಚೆಯೇ ತಿಳಿಸಬೇಕು, ಯಾವುದಕ್ಕೆ ಅವರ ಅಭಿಪ್ರಾಯ ಕೇಳಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಒಳ್ಳೆಯ ಕಾನೂನೇ. ಆದರೆ ಅದರ ಲೆಕ್ಕಕ್ಕೆ ಯುರೋಪಿನ ನೌಕರರು ಮಾತ್ರ. ನಮ್ಮ ಕಚೇರಿ ಮುಚ್ಚಿ ಕೆಲಸವನ್ನೆಲ್ಲ ಅತ್ತ ಒಯ್ಯುತ್ತಾರೆಂಬ ಸುದ್ದಿ ಬಂದಾಗ, ಯಾಕೆ ಎಂದು ಕೇಳುವ ಹಕ್ಕೇ ನಮಗಿರಲಿಲ್ಲ. ಕೆಲಸ ಹೋದರೆ ನಮ್ಮಂಥವರ ವೀಸಾನೂ ಹೋದ ಹಾಗೆ. ಗಡಿಗಳು ಮುಚ್ಚಿದ್ದ ಕಾಲ. ಪುಚೊಂಗ್‌ನ ಫ್ಲಾಟಿನಲ್ಲಿ ಹೆಂಡತಿ, ಮಗಳು.

ಮ್ಯಾನೇಜರು ವಿಡಿಯೋ ಮೀಟಿಂಗ್ ಕರೆದು, ಕಚೇರಿ ಮುಚ್ಚುವ ಈ ಯೋಜನೆಗೆ ಯಾರದಾದರೂ ಆಕ್ಷೇಪ ಇದೆಯೇ ಎಂದು ಕೇಳಿದರು. ದೊಡ್ಡವರ ಮುಂದೆ ಎದುರು ಮಾತಾಡುವ ರೂಢಿ ನಮಗಿಲ್ಲ. ಮಲಯ್, ತಮಿಳು, ಚೀನೀ, ಕನ್ನಡ ಎಲ್ಲರೂ ಒಂದಾಗಿ ಬಾಯಿ ಮುಚ್ಚಿಕೊಂಡಿದ್ದೆವು. ಅಂಥ ಒಗ್ಗಟ್ಟನ್ನು ನಮ್ಮಲ್ಲಿ ನಾನು ಅದುವರೆಗೂ ಕಂಡಿರಲಿಲ್ಲ! ಮಲೇಷ್ಯಾದವರು ಒಪ್ಪಿದ್ದಾರೆ ಎಂದು ಯುರೋಪಿಗೆ ವರದಿ ಹೋಯಿತು. ಆಪಾ ಅವತ್ತು ಲಸಿಕೆ ಹಾಕಿಸಿಕೊಂಡ ಜ್ವರದಲ್ಲಿ ಮಲಗಿದ್ದರು. ಮರುದಿನ ವಿಷಯ ತಿಳಿದಾಗ ಮೇಲೆದ್ದ ಹುಬ್ಬು ಸಂಜೆಯಾದರೂ ಇಳಿಯಲಿಲ್ಲ.

“ಕಾನೂನು ನಮ್ಮನ್ನ ಕರೀರಿ ಅನ್ನಂಗಿಲ್ಲ. ಕರೀಬ್ಯಾಡ್ರಿ ಅಂತನೂ ಅನ್ನಂಗಿಲ್ಲ. ಕಂಪನಿ, ಅಲ್ಲಿನ ನೌಕರರು, ಎರಡೂ ಕಡಿಯವ್ರು ಒಪ್ಪಿದ್ರ ಹೊರಗಿನ ಕಚೇರಿನೂ ಒಪ್ಪಂದದಾಗ ಸೇರಿಸಬಹುದು,” ಎಂದವರೇ ಯುರೋಪಿನ ನೌಕರರ ಪ್ರತಿನಿಧಿಗಳ ಮುಖ್ಯಸ್ಥೆಯನ್ನು ವಿಡಿಯೋದಲ್ಲಿ ಹಿಡಿದರು. ಅವರಿಗೆ ಬೆಳಿಗ್ಗೆ, ನಮಗೆ ಮಧ್ಯಾಹ್ನ. ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಮಾಡಿ ಮೇಲೆ ಬಂದ ಗಟ್ಟಿ ಹೆಂಗಸು. “ನಿಮ್ಮವರು ಒಪ್ಪಿದ್ದಾರಲ್ಲ, ಮತ್ತೇನು?” ಎಂದರು ಆಕೆ.

“ನಮ್ಮಲ್ಲಿ ಚಿಕ್ಕವರೇ ಮೊದಲು,” ಎಂದರು ಆಪಾ. ಪದ್ಧತಿಯಂತೆ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೆಲಾಕಾದ ಹುಡುಗಿಯನ್ನು ಮುಂದೆ ಮಾಡಿದರು. ಅವಳು ಅಲ್ಲಿಯವರ ವಾಡಿಕೆಯಂತೆ ಮಾತಿಗೊಂದು ‘ಲಾ’ ಸೇರಿಸಿ ಹೇಳಿದಳು. “ನಾವು ಒಪ್ಪಲಿಲ್ಲ ಮೇಡಂ, ಮರ್ಯಾದೆ ಕೊಟ್ಟೆವು ಲಾ. ದೊಡ್ಡವರ ಮಾತಿಗೆ ಅಡ್ಡ ಹೇಳೋದು ನಮ್ಮ ಮನೇಲಿ ಕಲಿಸಿಲ್ಲ. ನಿಮ್ಮ ಫ್ಯಾಕ್ಟರಿ ಮುಚ್ಚಿದ್ದಾಗ ಆಸ್ಪತ್ರೆ ಲಿಫ್ಟುಗಳಿಗೆ ಬಿಡಿಭಾಗ ಹುಡುಕಿ ಕಳಿಸಿದ್ದು ಈ ಕಚೇರಿಯೇ.”

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮಾತಾಡಿದೆವು. ನಾನೂ ಬೆಣ್ಣೆ ನುಂಗಿಯೇ ಮಾತಾಡಿದೆ. ಕೊನೆಗೆ ಆಪಾ ಅಂದದ್ದು ಇಷ್ಟೇ: “ಕಾನೂನು ಕೊಡದೇ ಇರೋದನ್ನ ನೀವು ಕೊಡಬಹುದು.” ಮುಖ್ಯಸ್ಥೆ ತಮ್ಮ ಪೆನ್ನಿನ ಮುಚ್ಚಳ ಹಾಕಿದರು. “ನಿಮ್ಮನ್ನು ಸೇರಿಸದಿದ್ದರೆ ನಾವು ಸಹಿ ಹಾಕೋದಿಲ್ಲ” ಎಂದರು.

ಕಂಪನಿ ಒಪ್ಪುವ ತನಕ ಹಾಕಲೂ ಇಲ್ಲ. ಒಪ್ಪಂದದ ಪ್ರಕಾರ ನೌಕರರ ಹೊಸ ಮಂಡಳಿಯಲ್ಲಿ ನಮಗೊಂದು ಕುರ್ಚಿ ಸಿಕ್ಕಿತು. ಮತ ಹಾಕುವಂತಿಲ್ಲ, ಆದರೆ ಮೊದಲೇ ತಿಳಿದುಕೊಳ್ಳುವ, ಬಾಯಿಬಿಟ್ಟು ಹೇಳುವ ಹಕ್ಕುಂಟು. ನಮ್ಮ ಕಚೇರಿ ಮುಚ್ಚುವ ಯೋಜನೆ ಆ ಮಂಡಳಿಯ ಮುಂದೆಯೇ ಬರಬೇಕಾಯಿತು. ನಮ್ಮ ಮೊದಲ ಪ್ರತಿನಿಧಿಯಾಗಿ ಆಪಾ ವಿಡಿಯೋದಲ್ಲಿ ಮಾತಾಡಿದರು, ಯುರೋಪಿನವರು ಬೆನ್ನಿಗೆ ನಿಂತರು, ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಗೆದ್ದುಬಿಟ್ಟೆವು!

ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ಕೂತು ತಿನ್ನಲು ಆಗ ಅನುಮತಿ ಇರಲಿಲ್ಲ, ಬರೀ ತಪಾವ್, ಅಂದರೆ ಪೊಟ್ಟಣ ಕಟ್ಟಿಸಿಕೊಂಡು ಒಯ್ಯುವುದು. ಪರೋಟದಂಥ ರೊಟ್ಟಿ ಚನಾಯ್, ದಾಲ್ ಕಟ್ಟಿಸಿಕೊಂಡು, ಪಾರ್ಕಿಂಗಿನಲ್ಲಿ ಕಾರುಗಳ ಕಿಟಕಿ ಇಳಿಸಿ, ಕಾರಿಂದ ಕಾರಿಗೆ ಕೂಗಾಡುತ್ತ ತಿಂದೆವು. ಮಾಸ್ಕ್ ತೆಗೆದು ನಗುತ್ತಿದ್ದ ಆಪಾ ಅವರ ಪೂರ್ತಿ ಮುಖವನ್ನು ಬಹಳ ದಿನಗಳ ಮೇಲೆ ಕಂಡೆ. ಮೂತಿಯೆಲ್ಲ ದಾಲ್ ಮಾಡಿಕೊಂಡಿದ್ದರು.

ಗಡಿಗಳು ತೆರೆದ ಮೇಲೆ ಅವರು ನಿವೃತ್ತರಾಗಿ ವಿಜಯಪುರಕ್ಕೆ ಹೋದರು. ಆ ಕುರ್ಚಿಗೆ ತಂಡ ನನ್ನನ್ನು ಆರಿಸಿತು. ನನ್ನ ಮಗಳು ಇವತ್ತೂ ಪುಚೊಂಗ್‌ನ ಅದೇ ಶಾಲೆಗೆ ಹೋಗುತ್ತಿದ್ದಾಳೆಂದರೆ ಅದು ಆಪಾ ಅವರ ಋಣ. ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಮೊದಲ ಸಲ ಯುರೋಪಿಗೆ ಹೋಗಿ ಮಂಡಳಿಯ ಮೇಜಿಗೆ ಕೂತೆ. ಸುತ್ತ ದೊಡ್ಡ ದೊಡ್ಡ ಫ್ಯಾಕ್ಟರಿಗಳ ಪ್ರತಿನಿಧಿಗಳು, ಮತವಿಲ್ಲದವನು ನಾನೊಬ್ಬನೇ. ನನ್ನ ಸರದಿ ಹೇಗೂ ಕೊನೆಗೆ ಎಂದು ನೀರು ಕುಡಿಯುತ್ತಿದ್ದೆ. ಮುಖ್ಯಸ್ಥೆ ಎದ್ದು ನಿಂತು, ಎಲ್ಲರನ್ನೂ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

“ನಮ್ಮಲ್ಲೂ ಈಗ ಚಿಕ್ಕವರೇ ಮೊದಲು. ಮಲೇಷ್ಯಾ, ಮಾತಾಡಿ.”