ಸಿಡಿಯದ ಮದ್ದಿನ ಮುಂದೆ ಮೊಣಕಾಲೂರಿ

ಇಳಕಲ್ ಊರಾಚೆಯ ಕಲ್ಲಿನ ಕ್ವಾರಿಯಲ್ಲಿ ಇನ್ನೂ ನೆಟ್ಟಗೆ ಬೆಳಕು ಹರಿದಿಲ್ಲ. ಇಬ್ಬನಿಗೆ ಒದ್ದೆಯಾದ ಕೆಂಪು ಬಂಡೆಯ ಮೇಲೆ ಸಂತೋಷಕುಮಾರ ಹೆಲ್ಮೆಟ್ ತೆಗೆದಿಟ್ಟು ಮೊಣಕಾಲೂರುತ್ತಾರೆ. ಇವತ್ತು ಕೆಳಗಿಳಿಯುವವರ ಹೆಸರನ್ನು ಒಂದೊಂದಾಗಿ ದೇವರಿಗೆ ಹೇಳುತ್ತಾರೆ. ಆಮೇಲೆ ಎದ್ದು, ಕೊರೆದ ರಂಧ್ರಗಳಿಗೆ ಮದ್ದು ತುಂಬಲು ಹೋಗುತ್ತಾರೆ. ಬಂಡೆ ಸಿಡಿಸುವುದು ಅವರ ಕಸುಬು. ಹರೆಯದಿಂದ ಮಾಡಿಕೊಂಡು ಬಂದ ಕೆಲಸ. ಆದರೂ ಒಂದೊಂದು ರಂಧ್ರವನ್ನು ಇವತ್ತಿಗೂ ಎರಡೆರಡು ಸಲ ನೋಡುತ್ತಾರೆ.

"ಅಂಜಿಕಿ ಹೋತಂದ್ರ ಈ ಕೆಲಸ ಬಿಡಬೇಕ್ರಿ," ಅನ್ನುತ್ತಾರೆ.

ಬಂಡೆ ಸಿಡಿದ ಸದ್ದು ಊರಿನವರೆಗೂ ಕೇಳುತ್ತದೆ. ಮನೆಯಲ್ಲಿ ಹೆಂಡತಿ ಶೀಲಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಮೊಬೈಲು ನೋಡುತ್ತಾರೆ. ಗಂಡನಿಂದ ಒಂದು ಮಿಸ್ಡ್ ಕಾಲ್ ಬಂದರೆ ಮಾತ್ರ ಉಸಿರು ಸಡಿಲ. ಅದಕ್ಕೂ ಕಾರಣವಿದೆ.

ಸಂತೋಷಕುಮಾರರ ತಮ್ಮ ಪ್ರವೀಣಕುಮಾರನೂ ಇದೇ ಕಸುಬಿನವನಾಗಿದ್ದ. ಹತ್ತು ವರ್ಷದ ಹಿಂದೆ, ಬೇರೊಂದು ಕ್ವಾರಿಯಲ್ಲಿ, ಅಣ್ಣತಮ್ಮ ಇಬ್ಬರೂ ಕೂಡಿಯೇ ಪ್ರಾರ್ಥಿಸಿ ಕೆಲಸಕ್ಕೆ ಇಳಿದಿದ್ದರು. ತಮ್ಮ ಯಾವ ನಿಯಮವನ್ನೂ ಮುರಿಯಲಿಲ್ಲ. ನಿಲ್ಲಬೇಕಾದ ಮರೆಯಲ್ಲೇ ನಿಂತಿದ್ದ. ಹಾರಿ ಬಂದ ಕಲ್ಲೊಂದು ಅಲ್ಲಿಗೇ ಬಂತು. ದವಾಖಾನೆಯ ಬಾಗಿಲಲ್ಲಿ ಚರ್ಚಿನ ಇಡೀ ಸಭೆಯೇ ನಿಂತು ಪ್ರಾರ್ಥಿಸಿತು. ಪ್ರವೀಣ ಉಳಿಯಲಿಲ್ಲ.

ಆಮೇಲೆ ಸಂತೋಷಕುಮಾರರ ಮೊಣಕಾಲು ನೆಲ ಮುಟ್ಟಲಿಲ್ಲ. ಶೀಲಾ ಒಬ್ಬರೇ ಚರ್ಚಿಗೆ ಹೋಗಿಬರುತ್ತಿದ್ದರು. "ಯಾರಿಗೆ ಬೇಡೂದು? ಕೇಳಿಯೂ ಸುಮ್ನ ಕುಂತಾವಗೇನು?" ಅಂತ ಹೆಂಡತಿಯ ಮೇಲೆ ಹರಿಹಾಯುತ್ತಿದ್ದರು. ಮತ್ತೆ ಮೊಣಕಾಲೂರಿಸಿದ್ದು ಪಾದ್ರಿಯಲ್ಲ, ಡ್ರಿಲ್ಲಿಂಗ್ ಮಾಡುವ ಹುಸೇನಪೀರ. ಒಂದು ಮುಂಜಾನೆ ತನ್ನ ದುವಾ ಮುಗಿಸಿ ಹೇಳಿದ: "ಅಣ್ಣಾ, ನೀನೂ ನಿನ್ನ ದೇವರಿಗೆ ಒಂದ್ ಮಾತ ಹೇಳು. ನೀ ಹೇಳದಿದ್ರ ನನ್ನ ಎದಿ ನಿಂದರವಲ್ದು."

ಈ ಮಳೆಗಾಲ ಮುಗಿದ ಹೊಸತರಲ್ಲಿ ಒಂದು ದಿನ ಒಂದು ರಂಧ್ರದ ಮದ್ದು ಸಿಡಿಯಲೇ ಇಲ್ಲ. ತಾಸುಗಟ್ಟಲೆ ಕಾದರೂ ಸದ್ದಿಲ್ಲ. ಕೆಳಗೆ ಲಾರಿಗಳು ನಿಂತಿವೆ. ಕೆಲಸ ಮಾಡಿಸುವ ಮುಕಾದಮ ಅಂದಾನಪ್ಪ ಚಡಪಡಿಸುತ್ತಿದ್ದಾರೆ. "ಮಳಿ ನೀರು ಹೊಕ್ಕು ಸತ್ತಿರತೈತಿ ತಗೋ. ಹುಸೇನನ್ನ ಇಳಸು, ಬಾಜೂಕ ಇನ್ನೊಂದು ತೂತು ಕೊರೀಲಿ."

ಸಂತೋಷಕುಮಾರ ಬಂಡೆಯ ಹಿಂದೆ ಹೋಗಿ ಮೊಣಕಾಲೂರಿದರು. ಉತ್ತರ ಬರಲಿಲ್ಲ, ಸಮಾಧಾನವೂ ಬರಲಿಲ್ಲ. ಬೆವರು ಮಾತ್ರ ಇಳಿಯಿತು. ಎದ್ದು ಬಂದು ಅಂದರು: "ಇವತ್ತ ಯಾರೂ ಇಳಿಯಂಗಿಲ್ರಿ."

ಅಂದಾನಪ್ಪ ಬೈದರು. ಎಲ್ಲರ ಅಂದಿನ ಪಗಾರ ಹೋಯಿತು; ಕೆಲವರು ಮುಖ ತಿರುಗಿಸಿ ನಡೆದರು. ಬಿಸಿಲು ಇಳಿಯುವ ಹೊತ್ತಿಗೆ, ಖಾಲಿ ಕ್ವಾರಿಯಲ್ಲಿ, ಆ ಮದ್ದು ತಾನಾಗಿಯೇ ಸಿಡಿಯಿತು. ಹುಸೇನಪೀರ ನಿಲ್ಲಬೇಕಾಗಿದ್ದ ಜಾಗದ ಬಂಡೆ ಚೂರುಚೂರು.

ಮರುದಿನ ಅಂದಾನಪ್ಪ ಬಂದು ಕೈಮುಗಿದರು. "ನಿನ್ನ ಪ್ರಾರ್ಥನಾ ಕೆಲಸ ಮಾಡ್ತಪ್ಪ."

ಆ ಮಾತು ಸಂತೋಷಕುಮಾರರಿಗೆ ಇನ್ನೂ ಚುಚ್ಚುತ್ತದೆ. "ಹಂಗಾರ ನನ್ನ ತಮ್ಮ ಕಡಿಮಿ ಬೇಡಿದ್ನೇನ್ರಿ? ಯೇಸುಸ್ವಾಮಿನೂ ಸಾಯೂ ಹಿಂದಿನ ರಾತ್ರಿ ಬೆವರು ಸುರಿಸಿ ಬೇಡಿಕೊಂಡ. ಶಿಲುಬಿ ತಪ್ಪಲಿಲ್ಲ."

ಹಾಗಾದರೆ ಪ್ರಾರ್ಥನೆಯಿಂದ ಏನಾಯಿತು? ಕೇಳಿದರೆ ಅವರು ಹೆಲ್ಮೆಟ್ಟಿನ ಧೂಳು ಒರೆಸುತ್ತ ಹೇಳುತ್ತಾರೆ: "ಖರೆ ಹೇಳಬೇಕಂದ್ರ, ಮುಕಾದಮರ ಸಿಟ್ಟಿಗಿ ಅಂಜಿ ನಾ 'ಹೂಂ' ಅನ್ನಾಂವ ಇದ್ದೆ. ದೇವರ ಮುಂದ ಹುಸೇನನ ಹೆಸರು ತಗೊಂಡ ಮ್ಯಾಲ ಬಾಯಿ ಬರಲಿಲ್ಲ. ಅಷ್ಟ ನನಗ ಗೊತ್ತು. ಕಲ್ಲೂ ದೇವರ ಮಾತ ಕೇಳತೈತಿ ಅಂತ ನಂಬೇನಿ. ತಮ್ಮ ಸತ್ತ ದಿನ ಕಲ್ಲು ಯಾಕ ಕೇಳಲಿಲ್ಲ, ಅದನ್ನ ದೇವರಿಗೆ ದಿನಾ ಕೇಳ್ತೇನಿ. ಅವಾ ಇನ್ನೂ ಹೇಳಿಲ್ಲ."

ಆಸೆಯೇನಾದರೂ ಇದೆಯೇ ಎಂದರೆ ನಾಚಿ ನಗುತ್ತಾರೆ.

"ಕೆಲಸ ಬಿಟ್ಟ ಮ್ಯಾಲ ಒಂದ ದಿನ ಏನೂ ಬೇಡದ ಪ್ರಾರ್ಥನಾ ಮಾಡಬೇಕ್ರಿ. ಅವಾ ಒಂದ್ ಕಡೆ, ನಾ ಒಂದ್ ಕಡೆ, ಸುಮ್ನ ಕುಂದರಬೇಕು."