ಬೀಬಿಯ ಬದಿಯ ಬಾಗಿಲು

ಪೊಡಿಯಬ್ಬನಿಗೆ ಡೊಂಕು ಕಂಡರೆ ಆಗುತ್ತಿರಲಿಲ್ಲ. ದೋಹಾದ ಸನಾಯಾದಲ್ಲಿ, ಅಂದರೆ ಊರಾಚೆಯ ಗ್ಯಾರೇಜುಗಳ ಬಡಾವಣೆಯಲ್ಲಿ, ಗುದ್ದಿಸಿಕೊಂಡು ಬಂದ ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡುವುದು ಅವನ ಕಸುಬು. ಮೂತಿ ಒಡೆದುಕೊಂಡು ಬಂದ ಗಾಡಿ ಅವನ ಸುತ್ತಿಗೆಯ ಕೆಳಗೆ ಹಾದರೆ ಮದುವಣಗಿತ್ತಿಯಂತೆ ಹೊರಬೀಳುತ್ತಿತ್ತು. ಬಾಗಿಲು ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಕೂರಿಸಿದ ಬಾಗಿಲು ಹಾಕಿದರೆ ಬಲಿತ ತೆಂಗಿನಕಾಯಿ ಮರಳಿಗೆ ಬಿದ್ದಂಥ ಒಂದೇ ಸದ್ದು. ಎರಡನೆಯ ಸಲ ಎಳೆಯುವ ಮಾತಿಲ್ಲ.

ನಾನು ಅದೇ ಗ್ಯಾರೇಜಿನ ವೆಲ್ಡರ್, ಗದಗದ ಕಡೆಯವನು. ಅವನು ಪಾಣೆಮಂಗಳೂರಿನ ಬ್ಯಾರಿ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ನಮ್ಮಿಬ್ಬರ ಮಂಚ ಅಕ್ಕಪಕ್ಕ. ನನ್ನ ರೊಟ್ಟಿ ಅವನಿಗೆ ಗಟ್ಟಿ, ಅವನ ಮೀನು ನನಗೆ ದೂರ. ಆದರೂ ಒಂದೇ ಒಲೆಯಲ್ಲಿ ವರ್ಷಗಳು ಬೆಂದುಹೋದವು.

ತೊಂಬತ್ತೈದರ ಸುಮಾರಿಗೆ ರಾಸ್ ಲಫಾನಿನ ಗ್ಯಾಸ್ ಕೆಲಸಕ್ಕೆ ಓಡಾಡುವ ಪಿಕಪ್ಪುಗಳು ದಿನಕ್ಕೊಂದರಂತೆ ಜಜ್ಜಿಸಿಕೊಂಡು ಬರುತ್ತಿದ್ದವು. ಒಂದು ಹಳೆಯ ಪಿಕಪ್ಪು ಮೇಲ್ಮೈಯೆಲ್ಲ ನುಚ್ಚುನೂರಾಗಿ, ಚಾಸಿ, ಅಂದರೆ ಅಡಿಯ ಚೌಕಟ್ಟು, ಮತ್ತು ಎಂಜಿನ್ ಮಾತ್ರ ಗಟ್ಟಿಯಾಗಿ ಉಳಿದು ಬಂತು. ನಮ್ಮ ವೀಸಾವೂ ಗ್ಯಾರೇಜೂ ಯಾರ ಹೆಸರಲ್ಲಿತ್ತೋ ಆ ಅರಬ ಕಫೀಲ ಅದನ್ನು ಗುಜರಿಗೆ ಹಾಕುವ ಬದಲು, ‘ತಗೋ, ಆಡಿಕೋ’ ಎಂದು ಪೊಡಿಯಬ್ಬನಿಗೆ ಬರೆದುಕೊಟ್ಟ.

ಅಂದಿನಿಂದ ಅವನ ಶುಕ್ರವಾರಗಳು ಬದಲಾದವು. ಜುಮಾ ನಮಾಜು ಮುಗಿಸಿ ಉಳಿದವರು ಕಡಲದಂಡೆಗೆ ಹೋದರೆ ಇವನು ಶೆಡ್ಡಿಗೆ ಬಂದು ತಗಡು ಕತ್ತರಿಸುತ್ತಿದ್ದ. ನಕ್ಷೆ ಇಲ್ಲ, ಫೋಟೋ ಇಲ್ಲ. ಕಣ್ಣು ಮುಚ್ಚಿ ಗಾಳಿಯಲ್ಲಿ ಕೈಯಾಡಿಸಿ, ಮತ್ತೆ ತಗಡನ್ನು ಬಡಿಯುವನು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬ್ರಿಟಿಷರ ಕಾಲದ ಒಂದು ಪುಟ್ಟ ಕರಿ ಕಾರು ಎದ್ದು ನಿಂತಿತು. ಮೊರದಂಥ ಮಡ್‌ಗಾರ್ಡು, ಗೂಬೆಗಣ್ಣಿನ ದೀಪ, ಮುಂದೆರಡು ಹಿಂದೆರಡು ಸೀಟು. ಕತಾರಿನಲ್ಲಿ ಸ್ಟೇರಿಂಗ್ ಎಡಕ್ಕಿರುತ್ತದೆ. ಇವನು ಮಾತ್ರ ಬೆವರು ಸುರಿಸಿ ಅದನ್ನು ನಮ್ಮ ದೇಶದಂತೆ ಬಲಕ್ಕೆ ತಂದಿದ್ದ.

ನಾನು ಸುತ್ತ ತಿರುಗಿ ನೋಡುತ್ತ ಎಡಗಡೆಯ ಬಾಗಿಲು ಹಾಕಿದೆ. ಕಿರ್ರೆಂದು ಮತ್ತೆ ತೆರೆದುಕೊಂಡಿತು.

“ಏನ್ ದೋಸ್ತ, ಮಂದಿ ಬಾಗ್ಲಾ ಎಲ್ಲಾ ಸರಿ ಮಾಡ್ತೀ, ನಿನ್ನ ಮನಿ ಬಾಗ್ಲಾ ಹಿಂಗ್ಯಾಕ? ತಡಿ, ಚಿಲಕಕ್ಕೊಂದು ವೆಲ್ಡಿಂಗ್ ಟಾಕಿ ಹಾಕ್ತೀನಿ.”

ಅವನು ಓಡಿಬಂದು ನನ್ನ ಕೈ ಹಿಡಿದ. “ಅದಕ್ಕೆ ಕೈ ಹಾಕ್ಬೇಡ ಮಾರಾಯ! ಅದು ಹಾಗೆಯೇ ಇರುದು.”

ಆವತ್ತು ಚಹಾ ಕುಡಿಯುತ್ತ ಕತೆ ಬಿಚ್ಚಿದ. ಹರೆಯದಲ್ಲಿ ಅವನು ಅಕ್ಕಿ ಗಿರಣಿಯ ಧಣಿಯೊಬ್ಬರ ಇಂಥದೇ ಕರಿ ಕಾರು ಓಡಿಸುತ್ತಿದ್ದ, ರಿಪೇರಿಯೂ ಅವನದೇ. ಮದುವೆಯ ದಿನ ಧಣಿ ಕೀಲಿಕೈ ಎಸೆದು, ‘ಇವತ್ತು ನೀನೇ ಧಣಿ’ ಎಂದರಂತೆ. ಹೊಸ ಹೆಂಡತಿ ಬೀಬಿಯನ್ನು ಎಡಬದಿಗೆ ಕೂರಿಸಿಕೊಂಡು ನೇತ್ರಾವತಿಯ ದಂಡೆಯ ರಸ್ತೆಗೆ ಹೊರಟ. ಆ ಬದಿಯ ಚಿಲಕ ಕೆಟ್ಟಿತ್ತು. ಪ್ರತಿ ತಿರುವಿಗೂ ಬಾಗಿಲು ಬಾಯಿ ತೆರೆಯುವುದು. ಹುಡುಗಿ ಹೆದರಿ, ಕರ್ಚೀಫನ್ನು ಹಿಡಿಕೆಗೆ ಸುತ್ತಿ, ಊರು ಮುಟ್ಟುವವರೆಗೂ ಎರಡೂ ಕೈಯಲ್ಲಿ ಜಗ್ಗಿ ಹಿಡಿದು ಕೂತಳು.

“ಅವಳು ನನ್ನ ಹತ್ರ ಆಡಿದ ಮೊದಲ ಮಾತು ಎಂತ ಗೊತ್ತುಂಟಾ? ‘ನೀವು ರಿಪೇರಿಯವರಂತೆ, ಹೌದಾ?’”

ಇಬ್ಬರೂ ನಕ್ಕೆವು. ನಗು ಮೊದಲು ಒಣಗಿದ್ದು ಅವನದು. ಅವನು ಗಲ್ಫಿಗೆ ಬಂದ ಕೆಲವೇ ವರ್ಷಕ್ಕೆ ಬೀಬಿ ಕಾಮಾಲೆಯಲ್ಲಿ ತೀರಿಕೊಂಡಳು. ತಂತಿ ಕೈ ಸೇರುವಾಗ ಮಣ್ಣು ಕೊಟ್ಟಾಗಿತ್ತು. ಮಕ್ಕಳಿರಲಿಲ್ಲ. ಆಮೇಲೆ ಅವನು ಊರಿಗೆ ಹೋಗುವುದನ್ನೇ ಬಿಟ್ಟ. ಹತ್ತು ಜನರ ನಡುವೆ ಕೂತರೂ ಅವನು ಬೇಲಿಯಾಚೆ ಕಟ್ಟಿದ ದನದ ಹಾಗೆ ಬೇರೆಯೇ ಕಾಣುತ್ತಿದ್ದ.

ಕಾರು ಶೆಡ್ಡಿನಲ್ಲೇ ಇದ್ದಿದ್ದರೆ ಯಾರ ಗೊಡವೆಯೂ ಇರುತ್ತಿರಲಿಲ್ಲ. ಆದರೆ ಆ ಚಳಿಗಾಲದಲ್ಲಿ ಮುನ್ಸಿಪಾಲಿಟಿಯವರು ಸನಾಯಾ ಸ್ವಚ್ಛ ಮಾಡಲು ಇಳಿದರು. ನಂಬರಿಲ್ಲದ ಗಾಡಿಗಳಿಗೆಲ್ಲ ಚೀಟಿ ಅಂಟಿಸಿದರು: ತಿಂಗಳೊಳಗೆ ನೋಂದಾಯಿಸಿ, ಇಲ್ಲವಾದರೆ ಎತ್ತಿಕೊಂಡು ಹೋಗಿ ಜಜ್ಜಿಹಾಕುತ್ತೇವೆ. ಪೊಡಿಯಬ್ಬನ ಕಾರಿನ ಗಾಜಿಗೂ ಒಂದು ಚೀಟಿ ಬಿತ್ತು.

ಕಫೀಲನ ಕಾಗದಪತ್ರ ನೋಡುವ ತಾಹಿರ್ ಉಳ್ಳಾಲದ ಹುಡುಗ, ನೀರು ಕುಡಿದಂತೆ ಅರಬಿ ಮಾತಾಡುವವನು. ಅವನನ್ನು ಕರೆದುಕೊಂಡು, ಕಾರನ್ನು ಲಾರಿಗೆ ಏರಿಸಿ, ನಾವು ಟ್ರಾಫಿಕ್ ಇಲಾಖೆಯ ತಪಾಸಣೆಯ ಅಂಗಳಕ್ಕೆ ಹೋದೆವು. ಅಲ್ಲಿದ್ದ ಬಿಳಿಗಡ್ಡದ ಅಧಿಕಾರಿ ಕಾರು ಕಂಡು ಮಗುವಿನಂತೆ ಅರಳಿದ. ಬಾನೆಟ್ ಎತ್ತಿದ, ಚಾಸಿಯ ಮೇಲೆ ಕೊರೆದಿದ್ದ ನಂಬರನ್ನು ಬ್ಯಾಟರಿ ಬಿಟ್ಟು ಓದಿದ, ಜೋರಾಗಿ ನಕ್ಕು ಏನೋ ಅಂದ.

“ಹೊರಗೆ ಅಜ್ಜ, ಒಳಗೆ ಮೊಮ್ಮಗ ಅಂತಿದ್ದಾರೆ,” ಎಂದು ತಾಹಿರ್ ತಿಳಿಸಿದ. “ಗಾಡಿಗೆ ವಯಸ್ಸು ಬರುದು ಅಂಗಿಯಿಂದ ಅಲ್ಲ, ಎಲುಬಿನಿಂದ ಅಂತೆ. ನೋಂದಣಿ ಕಾರ್ಡಿನಲ್ಲಿ ಇದು ಪಿಕಪ್ಪೇ. ಬಾಡಿ ಬದಲಾಗಿದೆ ಅಂತ ಬರೀತಾರೆ, ಅದಕ್ಕೆ ತೊಂದರೆ ಇಲ್ಲ.”

“ಬರೀಲಿ,” ಎಂದ ಪೊಡಿಯಬ್ಬ. “ಹೆಸರು ಏನಾದ್ರೂ ಇರ್ಲಿ.”

ಅಧಿಕಾರಿ ಬಾಗಿಲಿನ ಬಳಿ ಬಂದ. ಸ್ಟೇರಿಂಗ್ ಕಂಡು ಅವನ ನಗು ನಿಂತಿತು. “ಮಾಫಿ,” ಅಂದರೆ ಇಲ್ಲ, ಎಂದು ತಲೆಯಾಡಿಸಿದ. ಬಲಗಡೆಯ ಸ್ಟೇರಿಂಗಿಗೆ ಕತಾರಿನಲ್ಲಿ ನಂಬರಿಲ್ಲ. ಎಡಬಾಗಿಲು ತಾನಾಗಿ ತೆರೆದುಕೊಂಡಾಗ ಅದಕ್ಕೂ ಒಂದು “ಮಾಫಿ” ಬಿತ್ತು.

“ಇಲ್ಲಿಯ ಶೇಖ್‌ಗಳ ಮನೆಯ ಹಳೇ ಗಾಡಿಗೆ ಬಲದಲ್ಲೇ ಉಂಟಲ್ಲ? ನಾನೇ ಕಣ್ಣಾರೆ ನೋಡಿದ್ದೇನೆ. ಹಳೇ ಗಾಡಿಗೆ ಹಳೇ ಕಾನೂನು ಅಲ್ವಾ?” ಎಂದು ಪೊಡಿಯಬ್ಬ ಕೇಳಿದ.

“ಅದು ನಿಜವಾಗ್ಲೂ ಹಳೇದು ಪೊಡಿಯಬ್ಬಾಕ, ಪ್ರದರ್ಶನಕ್ಕೆ ಇಡ್ಲಿಕ್ಕೆ ತಂದದ್ದು. ನಿಮ್ಮದು ವೇಷ ಹಾಕಿದ ಪಿಕಪ್ಪು. ಎರಡೂ ಸರಿ ಮಾಡಿ ತಂದ್ರೆ ಪಾಸು. ಇಲ್ಲದಿದ್ರೆ ಖಲಾಸ್,” ಎಂದ ತಾಹಿರ್.

ವಾಪಸು ಬರುವ ದಾರಿಯಲ್ಲಿ ತಾಹಿರ್ ದನಿ ತಗ್ಗಿಸಿದ. “ಗುಜರಿಯಲ್ಲಿ ನಿಜವಾದ ಹಳೇ ಕಾರಿನ ನಂಬರ್ ಇರುವ ತುಂಡು ಹುಡುಕುವ. ನೀವು ಬಡಿದು ಕೂರಿಸಿದ್ರೆ ಆಕಾಶದ ಮಲಕ್ಕುಗಳಿಗೂ ಗೊತ್ತಾಗ್ಲಿಕ್ಕಿಲ್ಲ.”

“ಮಲಕ್ಕುಗಳು ಪಾಪಪುಣ್ಯ ಬರೀಲಿಕ್ಕೆ ಇಲ್ಲೇ ಭುಜದ ಮೇಲೆ ಕೂತಿರುದು ಮಗಾ, ಅವರಿಗೆ ಗೊತ್ತಾಗದೆ ಉಂಟಾ?” ಪೊಡಿಯಬ್ಬ ಕಿಟಕಿಯಾಚೆ ನೋಡುತ್ತಿದ್ದ. “ಕಳ್ಳ ನಂಬ್ರದ ಗಾಡಿಯಲ್ಲಿ ಬೀಬಿಯನ್ನು ಕೂರಿಸುದಾ?”



ಅಂದು ಕೋಣೆಯಲ್ಲಿ ನಾನೇ ಮಾತು ತೆಗೆದೆ. “ಎಡಕ್ಕ ತಂದ್ರ ಏನಾಗ್ತೈತಿ ದೋಸ್ತ? ಗಾಲಿ ಅವೇ, ತಗಡ ಅದೇ. ಜಜ್ಜಿ ಒಗಿಯೂದಕ್ಕಿಂತ ಚಲೋ ಅಲ್ಲೇನು?”

“ನಿನಗೆ ಅರ್ಥ ಆಗುದಿಲ್ಲ ವಿರುಪಣ್ಣ,” ಎಂದು ಗೋಡೆಯ ಕಡೆ ಹೊರಳಿದ. ಆಮೇಲೆ ಗೋಡೆಗೆ ಹೇಳುವಂತೆ, “ಎಡಕ್ಕೆ ನಾನು ಬಂದ್ರೆ ಅವಳು ಎಲ್ಲಿ ಕೂತ್ಕೊಳ್ಳುದು?” ಎಂದ.

ಕಬ್ಬಿಣ ಬೆಸೆಯಲು ಬೆಂಕಿ ಸಾಕು. ಇಂಥದ್ದಕ್ಕೆ ಯಾವ ಬೆಂಕಿಯೂ ತಾಗುವುದಿಲ್ಲ.

ದಿನಗಳು ಸರಿದವು. ಅವನು ಕಾರಿನ ಹತ್ತಿರ ಸುಳಿಯಲಿಲ್ಲ. ತಿಂಗಳ ಕೊನೆಯ ವಾರ ಪಕ್ಕದ ಗ್ಯಾರೇಜಿಗೆ ಕ್ರೇನು ಬಂತು. ನಂಬರಿಲ್ಲದ ಒಂದು ಹಳೆಯ ವ್ಯಾನನ್ನು ಸೊಂಟಕ್ಕೆ ಸರಪಳಿ ಸುತ್ತಿ ಎತ್ತಿದರು. ಅದರ ಬಾಗಿಲು ತೆರೆದುಕೊಂಡು ಗಾಳಿಯಲ್ಲಿ ಪಟಪಟ ಬಡಿಯತೊಡಗಿತು. ಬಡಿಯುತ್ತಲೇ ಆ ವ್ಯಾನು ಬೀದಿಯ ತಿರುವಿನಲ್ಲಿ ಮರೆಯಾಯಿತು. ಪೊಡಿಯಬ್ಬ ಸುತ್ತಿಗೆ ಕೈಯಲ್ಲೇ ಹಿಡಿದು ಅಷ್ಟೂ ಹೊತ್ತು ನಿಂತಿದ್ದ. ಆಮೇಲೆ ಶೆಡ್ಡಿಗೆ ಹೋಗಿ ನಟ್ಟು ಬಿಚ್ಚುವ ಪಾನಾ ಹುಡುಕಿದ. ನಾನು ನನ್ನ ವೆಲ್ಡಿಂಗ್ ಸಾಮಾನು ಎಳೆದುಕೊಂಡು ಹಿಂದೆ ಹೋದೆ. ಅವನು ಬೇಡ ಎನ್ನಲಿಲ್ಲ.

ಸ್ಟೇರಿಂಗ್ ಎಡಕ್ಕೆ ಬಂತು. ಪೆಡಲುಗಳೂ ಬಂದವು. ಕೊನೆಗೆ ಉಳಿದದ್ದು ಚಿಲಕ. ಅದನ್ನು ಅವನೊಬ್ಬನೇ ಮಾಡಿದ. ಕೆಲಸ ಮುಗಿದಾಗ ಬಾಗಿಲು ಹಾಕಿದ ಸದ್ದು ನನಗೆ ಕೇಳಿಸಿತು. ತೆಂಗಿನಕಾಯಿ ಮರಳಿಗೆ ಬಿದ್ದ ಸದ್ದು. ಅವನು ಆ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದ. ನಾನು ಒಳಗೆ ಹೋಗದೆ ಹಿಂದಕ್ಕೆ ಬಂದೆ.

ಎರಡನೆಯ ತಪಾಸಣೆ ಸಲೀಸಾಗಿ ಮುಗಿಯಿತು. ಬಿಳಿಗಡ್ಡದವನು ಬಾಗಿಲನ್ನು ಹಾಕಿ ತೆಗೆದು, ಆ ಸದ್ದಿನ ರುಚಿಗೇ ಇನ್ನೊಮ್ಮೆ ಹಾಕಿದ. ಇಸ್ತಿಮಾರಾ, ಅಂದರೆ ನೋಂದಣಿಯ ಕಾರ್ಡು, ಪೊಡಿಯಬ್ಬನ ಕೈಗೆ ಬಂತು. ಮದ್ರಸಾದಲ್ಲಿ ಕಲಿತ ಅಕ್ಷರದ ಮೇಲೆ ಬೆರಳಿಟ್ಟು ತನ್ನ ಹೆಸರು ಓದಿಕೊಂಡ. ಅರಬಿಯಲ್ಲಿ ‘ಪ’ ಇಲ್ಲದ್ದರಿಂದ ಅವನು ಅಲ್ಲಿ ಬೊಡಿಯಬ್ಬನಾಗಿದ್ದ. ಅವನ ಕಾರು ಪಿಕಪ್ಪಾಗಿತ್ತು.

“ಏನರೆ ಆಗ್ಲಿ, ಈ ದೇಶದಾಗ ನಿನ್ನ ಹೆಸರಿಗೆ ಒಂದು ವಸ್ತು ಆತು,” ಎಂದೆ.

“ಆಯ್ತು,” ಎಂದು ಕಾರ್ಡನ್ನು ಜೇಬಿಗಿಟ್ಟ.

ತಾಹಿರ್ ಆಫೀಸಿಗೆ ಹೋದ. ನಾನು ಹುರುಪಿನಿಂದ ಮುಂದಿನ ಬಲಬದಿಯ ಬಾಗಿಲಿಗೆ ಕೈ ಹಾಕಿದೆ.

“ಹಿಂದೆ ಕೂತ್ಕೋ ಮಾರಾಯ,” ಎಂದ ಪೊಡಿಯಬ್ಬ, ಮೆಲ್ಲಗೆ.

ಹಿಂದೆ ಕೂತೆ. ಕಾರು ಸಲ್ವಾ ರಸ್ತೆಗೆ ಇಳಿಯಿತು. ಲಾರಿಯವರು ಹಾರನ್ ಹೊಡೆದು ಕೈಬೀಸಿದರು. ಒಬ್ಬ ಪಠಾಣ ಅರ್ಧ ಮೈ ಹೊರಗೆ ಚಾಚಿ ಸಲಾಮು ಹೊಡೆದ. ಪೊಡಿಯಬ್ಬ ಯಾರ ಕಡೆಗೂ ತಿರುಗಲಿಲ್ಲ. ಬಲಗೈ ಸ್ಟೇರಿಂಗಿನ ಮೇಲಿತ್ತು. ಎಡಗೈ ಎಲ್ಲಿದೆ ಎಂದು ಬಗ್ಗಿ ನೋಡಿದೆ. ಅವನು ಕರ್ಚೀಫನ್ನು ಬಾಗಿಲ ಹಿಡಿಕೆಗೆ ಸುತ್ತಿ, ಒಳಕ್ಕೆ ಜಗ್ಗಿ ಹಿಡಿದು ಕೂತಿದ್ದ.

“ಬಾಗ್ಲಾ ಗಟ್ಟಿ ಐತಿ ದೋಸ್ತ, ಕೈ ಬಿಡು,” ಎಂದೆ.

“ಮುಂದೆ ತಿರುವು ಉಂಟು,” ಎಂದ.

ರಸ್ತೆ ದಾರ ಹಿಡಿದು ಎಳೆದಂತೆ ನೆಟ್ಟಗೆ ಮರಳಿನೊಳಕ್ಕೆ ಹೋಗುತ್ತಿತ್ತು.