ರಾಶಿಯೊಳಗಿನ ಒಂದು ಕಾಯಿ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ್ಜೆ ಹೇಳುತ್ತಿದ್ದ ನಮ್ಮ ನೆರೆಮನೆಯವರು, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳಿದ ಮೇಲೆಯೇ ಬಾಯಿ ತೆರೆಯುತ್ತಿದ್ದರು. "ಅಲ್ಲಾಡಿಸಿ ನೋಡೂಣು" ಎನ್ನುವುದು ಅವರ ಮಾತು; ಕಲ್ಲಂಗಡಿಗೂ ಅದೇ, ಹೊಸ ಅಳಿಯನಿಗೂ ಅದೇ.

ಅವರ ಶ್ವಾಸಕೋಶದ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಾಗ ಧೈರ್ಯ ಹೇಳಲೆಂದು ರಾಣೆಬೆನ್ನೂರಿನ ಆಸ್ಪತ್ರೆಗೆ ಜೊತೆಗೆ ಹೋದವನು ನಾನು. ಬೆವರಿದವನೂ ನಾನೇ. ರಕ್ತದ ವರದಿ ನೋಡಿ ಡಾಕ್ಟರು ಮೆಲ್ಲಗೆ ಹೇಳಿದರು: "ಈ ಪ್ರೋಟೀನ್ ಇಷ್ಟು ಇಳಿದವರೊಳಗ ಭಾಳ ಮಂದಿ ಮುಂದಿನ ಸುಗ್ಗಿ ನೋಡೂದಿಲ್ರಿ."

"ಇದು ರಾಶಿ ಲೆಕ್ಕೋ, ಒಂದು ಕಾಯಿ ಲೆಕ್ಕೋ?" ಎಂದರು ಇವರು.

ಡಾಕ್ಟರು ನಕ್ಕರು. "ರಾಶೀದ್ರಿ. ನಿಮ್ಮೊಬ್ಬರದು ಹೇಳಾಕ ಬರೂದಿಲ್ಲ."

"ಹಂಗಾರ ನನ್ನ ಕಾಯಿ ಇನ್ನೂ ಯಾರೂ ಅಲ್ಲಾಡಿಸಿಲ್ಲ ಅನ್ರಿ!" ಎಂದವರೇ ನನ್ನ ಭುಜ ಹಿಡಿದು ಅಲ್ಲಾಡಿಸಿ, ಎದೆಗೆ ಕಿವಿಯಿಟ್ಟರು. "ಇವರದು ಒಳಗ ಸದ್ದು ಜೋರ ಐತ್ರಿ, ಡಾಕ್ಟರ. ಮೊದಲ ಇವರ ರಕ್ತ ತಗೋರಿ."

ಮುಂದಿನ ಸುಗ್ಗಿಯಲ್ಲಿ ಅವರು ನನ್ನ ಸ್ಕೂಟರಿನ ಹಿಂದೆ ಕೂತು ಮಾರುಕಟ್ಟೆಗೆ ಬಂದರು. ಹೊಸ ರಾಶಿಯಿಂದ ಒಂದು ಕಾಯಿ ಆರಿಸಿ, ಅಲ್ಲಾಡಿಸಿ ಕೇಳಿ, ನನ್ನ ಜೇಬಿಗೆ ಹಾಕಿದರು.

"ಡಾಕ್ಟರಿಗೆ ಕೊಡ್ರಿ. ರಾಶ್ಯಾಗ ಇಂಥಾದೂ ಒಂದು ಇರತೈತಿ ಅಂತ ಹೇಳ್ರಿ."